ಒಂದೇ ಹಂಡೆಯ ನೂಲು

ಗುಳೇದಗುಡ್ಡ,
ನೆರಳುಮಾಸದ ಇಪ್ಪತ್ತೊಂಬತ್ತನೆಯ ದಿನ,
ಮೂರನೆಯ ಎಣಿಕೆಯ ನಲವತ್ತೆರಡನೆಯ ವರ್ಷ.

ಪೂಜ್ಯ ನೀಲವ್ವಜ್ಜಿಯವರಿಗೆ ಹೊಳೆಬಸವ್ವನ ಶರಣು.

ಮೇಲಿನ ತಾರೀಖನ್ನು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನೆರಳುಮಾಸ ಎಂಬುದು ನಾವು ಬೇಸಿಗೆಯ ನಡುವೆ ಸೇರಿಸಿಕೊಂಡ ಹದಿಮೂರನೆಯ ತಿಂಗಳು. ಆ ತಿಂಗಳು ಬಿಸಿಲಿನಲ್ಲಿ ಯಾರಿಂದಲೂ ಕೆಲಸ ಮಾಡಿಸುವಂತಿಲ್ಲ, ಮದುವೆ ಮುಂಜಿ ಇಟ್ಟುಕೊಳ್ಳುವಂತಿಲ್ಲ. ಮನೆಯೊಳಗೆ ಕೂತು ಕಾಗದ ಬರೆಯಬಹುದು. ನಿಮ್ಮ ಲೆಕ್ಕಕ್ಕೆ ಇದು ೨೧೭೪ನೇ ಇಸವಿ. ನನ್ನ ಮಾತು ಅಲ್ಲಲ್ಲಿ ಸೊಟ್ಟಗೆ ಕಂಡರೆ ಮನ್ನಿಸಬೇಕು. ನಮ್ಮ ಮನೆಯಲ್ಲಿ ಉಳಿದುಬಂದ ನಿಮ್ಮ ನೋಟುಬುಕ್ಕನ್ನು ಮುಂದಿಟ್ಟುಕೊಂಡು ಆರು ತಿಂಗಳು ನಿಮ್ಮ ಕಾಲದ ಕನ್ನಡ ಕಲಿತಿದ್ದೇನೆ. ಆದರೆ ನಿಮ್ಮಲ್ಲಿ ಇಲ್ಲದ ಸಾಮಾನಿಗೆ ನಿಮ್ಮ ಕಾಲದ ಹೆಸರನ್ನು ಎಲ್ಲಿಂದ ತರಲಿ? ಅಂಥ ಕಡೆ ನಮ್ಮ ಹೆಸರನ್ನೇ ಹಾಕಿ ಪಕ್ಕದಲ್ಲಿ ಅರ್ಥ ಹೇಳಿದ್ದೇನೆ.

ನಿಮಗೀಗ ಮೂವತ್ತನಾಲ್ಕು, ನನಗೆ ಅರವತ್ತೊಂದು. ತಲೆ ಪೂರ್ತಿ ಬೆಳ್ಳಗಾದವಳು ನನ್ನನ್ನು ಅಜ್ಜಿ ಎನ್ನುತ್ತಿದ್ದಾಳಲ್ಲ ಎಂದು ನಿಮಗೆ ನಗು ಬಂದರೆ ಬರಲಿ. ನನ್ನ ಅಜ್ಜಿಯ ಅಜ್ಜಿಯನ್ನು ಹೆತ್ತವರು ನೀವು. ಅಂದರೆ ಈ ಹೊತ್ತು ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಐದನೇ ಇಯತ್ತೆಯ ಭಾಗಾಕಾರ ಬರದೆ ಮೂಗು ಸುರಿಸುತ್ತಿರುವ ಹುಡುಗಿಯೇ ನನ್ನ ಅಜ್ಜಿಯ ಅಜ್ಜಿ. ಅವಳಿಗೆ ಬೈಯಬೇಡಿ. ಅವಳ ಲೆಕ್ಕ ಮುಂದೆ ಚೆನ್ನಾಗಿಯೇ ಆಯಿತು.

ಈ ಕಾಗದ ನಿಮ್ಮ ಹೊಲಿಗೆ ಮಿಷನ್ನಿನ ಎಡಗಡೆಯ ಖಾನೆಯಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ ಸಿಕ್ಕಿರಬೇಕು. ನಮ್ಮಲ್ಲಿ ಹಿಂದಂಚೆ ಎಂಬುದಿದೆ, ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಅದು ನಡೆಯಬೇಕಾದರೆ ಎರಡೂ ಕಾಲದಲ್ಲಿ ಒಂದೇ ಮನೆಯಲ್ಲಿ ಉಳಿದುಬಂದ ವಸ್ತು ಬೇಕು. ನಿಮ್ಮ ಮಿಷನ್ನು ಇನ್ನೂ ಇದೆ, ಇನ್ನೂ ಹೊಲಿಯುತ್ತದೆ, ಪೆಡಲ್ಲು ಮಾತ್ರ ನಾಲ್ಕು ಸಲ ಬದಲಾಗಿದೆ. ಒಂದು ಮನೆತನಕ್ಕೆ ಒಂದೇ ಕಾಗದ, ಒಂದೇ ಹಾಳೆ, ಅದೂ ಹತ್ತೊಂಬತ್ತು ವರ್ಷ ಸರದಿಯಲ್ಲಿ ಕಾದಮೇಲೆ. ಉತ್ತರ ಬರುವ ದಾರಿ ಇಲ್ಲ. ಎದುರು ಮನೆಯ ಬಸಲಿಂಗವ್ವ ತನ್ನ ಮುತ್ತಜ್ಜಿಗೆ ಮಾವಿನ ಉಪ್ಪಿನಕಾಯಿಯ ಅಳತೆ ಕೇಳಿ ಬರೆದಳು. ಉತ್ತರ ಬರುವುದಿಲ್ಲ ಎಂಬುದು ಅವಳಿಗೆ ನೆನಪಾದದ್ದು ಕಾಗದ ಹೋದ ಮೇಲೆ. ಆ ವಿಷಯ ಎತ್ತಿದರೆ ಇವತ್ತಿಗೂ ಜಗಳಕ್ಕೆ ಬರುತ್ತಾಳೆ. ಅಂಚೆಯಲ್ಲಿ ಸೋಸುವವರು ಎಂಬ ಅಧಿಕಾರಿಗಳಿದ್ದಾರೆ. ಸಾವು, ಯುದ್ಧ, ಮಳೆ, ಸರ್ಕಾರ ಇವುಗಳ ಸುದ್ದಿ ಕಂಡರೆ ಅವರು ಕಾಗದವನ್ನು ಹರಿದು ಹಾಕುತ್ತಾರೆ. ಮನೆಯ ಸಾಮಾನಿನ ವಿಷಯ ಎಷ್ಟು ಬೇಕಾದರೂ ಬರೆಯಬಹುದು. ಹಾಗಾಗಿ ನಾನು ಬರೆಯುತ್ತಿರುವುದು ಮನೆಯ ಸಾಮಾನಿನ ವಿಷಯ.

ನಾಡಿದ್ದು ಗುರುವಾರ ನೀವು ಮನೆಯ ಕಂಪ್ಯೂಟರಿಗೆ ಎರಡು ಹಾರ್ಡ್ ಡಿಸ್ಕ್ ಕೊಳ್ಳಲು ಬಾಗಲಕೋಟೆಗೆ ಹೋಗುತ್ತೀರಿ. ಯಾಕೆ ಹೋಗುತ್ತೀರಿ ಎಂಬುದೂ ನನಗೆ ಗೊತ್ತು. ನಿಮ್ಮ ಅಪ್ಪ ಗುರುಸಿದ್ದಪ್ಪನವರಿಗೆ ಗುಬ್ಬಿಹೆಜ್ಜೆ ಬರುತ್ತದೆ. ಕುಪ್ಪಸದ ಖಣದ ಮೇಲೆ ಗುಬ್ಬಿ ಧೂಳಿನಲ್ಲಿ ನಡೆದುಹೋದಂತೆ ಕಾಣುವ ಆ ಚಿತ್ತಾರವನ್ನು ಮುನ್ನೂರ ಹನ್ನೆರಡು ಸಾಲಿನಲ್ಲಿ ನೇಯಬೇಕು; ಯಾವ ಎಳೆ ಎತ್ತಬೇಕು, ಯಾವ ಎಳೆ ಬಿಡಬೇಕು ಎಂಬುದನ್ನು ಬಾಯಲ್ಲಿ ಹೇಳುತ್ತ ಕೈ ಆಡಿಸಬೇಕು. ಅದನ್ನು ಅವರಿಗೆ ಅವರ ಅವ್ವ ಹೇಳಿಕೊಟ್ಟರು. ಬೇರೆ ಯಾರಿಗೂ ಬರುವುದಿಲ್ಲ. ಕಣ್ಣು ಹೋದ ಮೇಲೂ ಅವರು ಖಾಲಿ ಮಗ್ಗದ ಮುಂದೆ ಕೂತು ಹೇಳಬಲ್ಲರು, ಆದರೆ ನಡುವೆ ತಡೆದರೆ ಮುಗಿಯಿತು, ಮತ್ತೆ ಮೊದಲನೆಯ ಸಾಲಿನಿಂದಲೇ ಶುರು. ಅದಕ್ಕೇ ನೀವು ಬರೆದುಕೊಳ್ಳುವುದನ್ನು ಬಿಟ್ಟು ದಿನಾ ಬೆಳಿಗ್ಗೆ ಅವರ ಬಾಯಿ, ಕೈ ಎರಡೂ ಕಾಣುವಂತೆ ವಿಡಿಯೊ ಮಾಡುತ್ತಿದ್ದೀರಿ. ಹನ್ನೊಂದು ತಿಂಗಳ ವಿಡಿಯೊ ಈಗ ಹಳೆಯ ಡಿಸ್ಕಿನಲ್ಲಿ ಹಿಡಿಸುತ್ತಿಲ್ಲ.

ನಿಮ್ಮ ನೋಟುಬುಕ್ಕಿನಲ್ಲಿ ಆ ವಾರದ ಪುಟ ನನಗೆ ಬಾಯಿಪಾಠ. ರೇಡ್ ಅಂದರೆ ಒಂದಕ್ಕಿಂತ ಹೆಚ್ಚು ಡಿಸ್ಕುಗಳನ್ನು ಜೊತೆಗೂಡಿಸಿ ಒಂದೇ ಎಂಬಂತೆ ದುಡಿಸುವುದು ಎಂದು ಮೇಲೆ ಬರೆದು, ಕೆಳಗೆ ಮೂರು ಬಗೆ ಬರೆದಿದ್ದೀರಿ. ರೇಡ್ ಸೊನ್ನೆ: "ಒಂದು ಎಳಿ ಈ ಮಗ್ಗದಾಗ, ಒಂದು ಎಳಿ ಆ ಮಗ್ಗದಾಗ. ಜಲ್ದಿ ಆಕ್ಕೈತಿ. ಒಂದು ಮಗ್ಗ ಕೆಟ್ರ ಉಳದದ್ದು ಕುಪ್ಪಸಾನೂ ಅಲ್ಲ, ಕರಚೀಪೂ ಅಲ್ಲ. ಬ್ಯಾಡ." ರೇಡ್ ಒಂದು: "ಅದ ಅರಿವಿ ಎರಡೂ ಮಗ್ಗದಾಗ. ಅರ್ಧಾ ಜಾಗಾ ದಂಡ. ಆದ್ರ ಒಂದು ಹೋದ್ರೂ ಒಂದು ಇರ್ತೈತಿ, ಜೀವಕ್ಕ ಸಮಾಧಾನ." ರೇಡ್ ಐದು: "ಮೂರು ಡಿಸ್ಕ್ ಬೇಕು. ಒಂದು ಹೋದ್ರ ಉಳದ ಎರಡೂ ಸೇರಿ ಲೆಕ್ಕಾ ಹಾಕಿ ಹೋದದ್ದನ್ನ ಹುಟ್ಟಸ್ತಾವಂತ. ನಮ್ಮ ಡಬ್ಬ್ಯಾಗ ಮೂರು ಹಿಡಿಯೂದಿಲ್ಲ." ಕೊನೆಗೆ ರೇಡ್ ಒಂದರ ಸುತ್ತ ಗುಂಡಗೆ ಗೆರೆ ಎಳೆದಿದ್ದೀರಿ. ಇಷ್ಟರ ಮಟ್ಟಿಗೆ ನೀವು ಮಾಡಿದ್ದು ಸರಿ, ಅಜ್ಜಿ. ಅಂಗಡಿಯವನು ಫೋನಿನಲ್ಲಿ ಸ್ಪೀಡು ಸ್ಪೀಡು ಎಂದು ಎಷ್ಟು ಬಡಿದುಕೊಂಡರೂ ನೀವು ಜಗ್ಗಲಿಲ್ಲ. ಆ ಗೆರೆ ನೋಡಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ತಪ್ಪಿರುವುದು ಮರುಪುಟದಲ್ಲಿ. ಆ ಪುಟವನ್ನು ನೀವಿನ್ನೂ ಬರೆದಿಲ್ಲ, ಅದಕ್ಕೇ ನಕಲು ಮಾಡಿ ಕಳಿಸುತ್ತಿದ್ದೇನೆ: "ಅಂಗಡ್ಯಾಂವ ಕೇಳಿದ, ಅಕ್ಕಾರ, ಎರಡೂ ಒಂದ ಡಬ್ಬ್ಯಾಗಿನವು ಕೊಡ್ಲ್ಯಾ, ಬ್ಯಾರೆ ಬ್ಯಾರೆ ಕೊಡ್ಲ್ಯಾ ಅಂತ. ನಾ ಅಂದೆ, ಒಂದ ಡಬ್ಬ್ಯಾಗಿನವ ಕೊಡ್ರಿ. ಬ್ಯಾರೆ ಹಂಡ್ಯಾನ ನೂಲು ಹಚ್ಚಿ ನಾವು ಎಂದರ ನೇದೇವೇನು?"

ಅಯ್ಯೋ ಅಜ್ಜಿ! ನೇಕಾರರ ಮನೆಯವರಲ್ಲದೆ ಬೇರೆ ಯಾರೂ ಈ ತಪ್ಪನ್ನು ಇಷ್ಟು ಧೈರ್ಯವಾಗಿ ಮಾಡುತ್ತಿರಲಿಲ್ಲ. ಬಣ್ಣದ ಹಂಡೆ ಬದಲಾದರೆ ಖಣದಲ್ಲಿ ಪಟ್ಟೆ ಬೀಳುತ್ತದೆ, ಅದಕ್ಕೇ ಒಂದು ಮಗ್ಗಕ್ಕೆ ಹಾಸುವ ನೂಲನ್ನೆಲ್ಲ ಒಂದೇ ಹಂಡೆಯದು ತರಬೇಕೆಂದು ನಮಗೆ ಎಳವೆಯಿಂದ ಹೇಳಿಕೊಟ್ಟಿದ್ದಾರೆ. ನನಗೂ ಅವ್ವ ಅದನ್ನೇ ಹೇಳಿಕೊಟ್ಟಳು. ಡಿಸ್ಕಿನ ವಿಷಯದಲ್ಲಿ ಅದು ತಿರುವುಮುರುವು. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾಗಿ, ಒಂದೇ ಡಬ್ಬದಲ್ಲಿ ಬಂದು, ನಿಮ್ಮ ಮನೆಯಲ್ಲಿ ಒಂದೇ ಗಳಿಗೆಗೆ ತಿರುಗಲು ಶುರುಮಾಡಿದವು ಒಂದೇ ಹೊತ್ತಿಗೆ ಸವೆಯುತ್ತವೆ. ಮೊದಲನೆಯದರಲ್ಲಿ ಏನು ಕೊರತೆ ಇತ್ತೋ ಎರಡನೆಯದರಲ್ಲೂ ಅದೇ ಇತ್ತು. ಒಂದು ಸತ್ತರೆ ಇನ್ನೊಂದು ಕಾಯುತ್ತದೆ ಎಂದು ನೀವು ಜೋಡಿ ಮಾಡಿದಿರಿ. ಅವು ಹುಟ್ಟಿದ್ದೂ ಜೊತೆಗೆ, ಹೋದದ್ದೂ ಜೊತೆಗೆ.

ನಡೆದದ್ದು ಹೀಗೆ. ಒಂದು ಸೋಮವಾರ ಬೆಳಿಗ್ಗೆ ಎಡಗಡೆಯ ಡಿಸ್ಕು ಕಟಕಟ ಎಂದು ಸದ್ದು ಮಾಡಿ ನಿಂತಿತು. ನೀವು ಗಾಬರಿಯಾಗಲಿಲ್ಲ. "ಇದಕ್ಕ ಅಲ್ಲೇನ ಜೋಡಿ ತಂದದ್ದು" ಎಂದು ಬರೆದಿದ್ದೀರಿ. ಹೊಸದೊಂದು ತರಿಸಿ ಹಾಕಿದಿರಿ. ಉಳಿದ ಡಿಸ್ಕಿನಿಂದ ಹೊಸದಕ್ಕೆ ನಕಲಾಗಲು ಒಂದು ಹಗಲು ಬೇಕಿತ್ತು. ಅಷ್ಟು ಹೊತ್ತು ಎಡೆಬಿಡದೆ ಓದಿಸಿದ್ದೇ ಆ ಉಳಿದ ಡಿಸ್ಕಿಗೆ ಮುಳುವಾಯಿತು. ಮಧ್ಯಾಹ್ನ ನೀವು ಊಟಕ್ಕೆ ಕೂತಾಗ ಅದೂ ಕಟಕಟ ಎಂದಿತು. ಹಳೆಯ ಡಿಸ್ಕನ್ನು ಆಗಲೇ ಅಳಿಸಿದ್ದಿರಿ, ಬೇರೆಲ್ಲೂ ನಕಲಿರಲಿಲ್ಲ. ವಿಡಿಯೊ ನೋಡುತ್ತ ಪುರಸೊತ್ತಾದಾಗ ಬರೆದಿಟ್ಟ ನೂರ ಹದಿನೆಂಟು ಸಾಲು ಮಾತ್ರ ನೋಟುಬುಕ್ಕಿನಲ್ಲಿ ಉಳಿದವು. ಆ ಹೊತ್ತಿಗೆ ಅಪ್ಪನಿಂದ ಇನ್ನೊಮ್ಮೆ ಹೇಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಕಾರಣವನ್ನು ನಾನು ಬರೆಯುವಂತಿಲ್ಲ. ಆಮೇಲೆ ನಿಮ್ಮ ನೋಟುಬುಕ್ಕಿನಲ್ಲಿ ಹದಿನಾಲ್ಕು ಪುಟ ಖಾಲಿ ಇವೆ.

ನಮ್ಮ ಕಾಲದಲ್ಲಿ ತಿರುಗುವ ಡಿಸ್ಕುಗಳಿಲ್ಲ. ನೆನಪುಗಲ್ಲು ಎಂಬುದಿದೆ, ಹುಣಸೆಬೀಜದಷ್ಟು ದೊಡ್ಡ ಗಾಜಿನ ಹರಳು. ಅದರೊಳಗೆ ಬೆಳಕಿನಿಂದ ಗೀರಿ ಬರೆಯುತ್ತಾರೆ. ಸವೆಯುವುದಿಲ್ಲ, ಆದರೆ ಕಳೆಯುತ್ತದೆ. ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತವೆ, ಕೋಳಿ ನುಂಗುತ್ತದೆ. ಹಾಗಾಗಿ ನಮ್ಮಲ್ಲಿ ಮೂರು ಮನೆಯ ಕಟ್ಟಳೆ ಇದೆ: ಪ್ರತಿ ಮನೆಯ ನೆನಪು ಇನ್ನೆರಡು ಮನೆಯಲ್ಲಿ ಇರಬೇಕು. ವರ್ಷಕ್ಕೊಮ್ಮೆ ಅದಲು ಹುಣ್ಣಿಮೆ ಎಂದು ಮಾಡುತ್ತೇವೆ. ಆ ಬೆಳಿಗ್ಗೆ ಶೇಂಗಾ ಹೋಳಿಗೆಯ ಜೊತೆ ಹರಳನ್ನೂ ಕೊಟ್ಟು ಬರುತ್ತೇವೆ, ತೆಗೆದುಕೊಂಡ ಮನೆಯವರು ಅದನ್ನು ಅಲ್ಲೇ ತೆರೆದು, ನೋಡಿ, ಸರಿ ಇದೆ ಎಂದಮೇಲೆಯೇ ಹೋಳಿಗೆ ಮುರಿಯಬೇಕು. ನಮ್ಮ ಮನೆಯ ಹರಳು ಬಸಲಿಂಗವ್ವನ ಉಪ್ಪಿನಕಾಯಿ ಭರಣಿಯ ಹಿಂದೆ ಇದೆ, ಅವಳದು ನಮ್ಮ ಜೋಳದ ಡಬ್ಬಿಯಲ್ಲಿ. ಅಂಗಳದ ಕಸದ ವಿಷಯಕ್ಕೆ ನಾವಿಬ್ಬರೂ ಮೂರು ವರ್ಷ ಮಾತು ಬಿಟ್ಟಿದ್ದೆವು. ಆಗಲೂ ಹುಣ್ಣಿಮೆಯ ದಿನ ಮುಖ ಆಚೆ ತಿರುಗಿಸಿಕೊಂಡೇ ಹರಳು ಕೊಟ್ಟುಬಂದೆವು. ಈ ಕಟ್ಟಳೆಯನ್ನು ಮೊದಲು ಹಾಕಿದವಳು ಯಾರು ಗೊತ್ತೇ? ಈಗ ನಿಮ್ಮ ಕಟ್ಟೆಯ ಮೇಲೆ ಭಾಗಾಕಾರಕ್ಕೆ ಅಳುತ್ತಿದ್ದಾಳಲ್ಲ, ಅವಳೇ.

ಇನ್ನು ನನ್ನ ಅವ್ವನ ಮಾತು. ಅವಳ ಹೆಸರು ತುಳಸವ್ವ, ಎಂಬತ್ತನಾಲ್ಕು ವರ್ಷ, ಬೆರಳು ಸೊಟ್ಟಗಾಗಿವೆ, ಬಾಯಿ ಮಾತ್ರ ನೆಟ್ಟಗಿದೆ. ಅವಳು ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಿಮ್ಮ ನೂರ ಹದಿನೆಂಟು ಸಾಲು ಹಿಡಿದು ಮಗ್ಗಕ್ಕೆ ಕೂತಳು. ಉಳಿದ ನೂರ ತೊಂಬತ್ತನಾಲ್ಕು ಸಾಲನ್ನು ತಾನೇ ಊಹಿಸಿ, ನೇದು, ಬಿಚ್ಚಿ, ಮತ್ತೆ ನೇದು ಹನ್ನೆರಡು ವರ್ಷದಲ್ಲಿ ಒಂದು ಹಂತಕ್ಕೆ ತಂದಳು. ನೆಲದ ಮೇಲೆ ನಡೆಯುವ ಗುಬ್ಬಿ ಅವಳ ಖಣದಲ್ಲಿ ಅರ್ಧ ದಾರಿಗೆ ಹೆಜ್ಜೆ ನಿಲ್ಲಿಸಿಬಿಡುತ್ತದೆ, ಆಮೇಲೆ ಬರೀ ನೆಲ, ಆಚೆ ಅಂಚಿನಲ್ಲಿ ಒಂದೇ ಒಂದು ಹೆಜ್ಜೆ. ಗುಬ್ಬಿ ನಡುವೆ ಹಾರಿತ್ತು ಎಂದು ನೋಡಿದವರಿಗೆ ತಾನಾಗಿ ತಿಳಿಯುತ್ತದೆ. ಊರವರು ಅದನ್ನು ಅರ್ಧ ನಡೆದ ಗುಬ್ಬಿ, ಅರಗುಬ್ಬಿ, ಎಂದು ಕರೆದು ಮೊದಮೊದಲು ನಕ್ಕರು. ಈಗ ಅರಗುಬ್ಬಿಯ ಕುಪ್ಪಸವಿಲ್ಲದೆ ಈ ಓಣಿಯಲ್ಲಿ ಮೊದಲ ಸೀಮಂತ ನಡೆಯುವುದಿಲ್ಲ.

ನೀವು ಗುರುವಾರ ಬೇರೆ ಡಿಸ್ಕು ತಂದರೆ ಗುಬ್ಬಿಹೆಜ್ಜೆ ಪೂರ್ತಿ ಉಳಿಯುತ್ತದೆ. ಪೂರ್ತಿ ಉಳಿದರೆ ನನ್ನ ಅವ್ವನಿಗೆ ಊಹಿಸುವ ಕೆಲಸವೇ ಇರುವುದಿಲ್ಲ. ಅರಗುಬ್ಬಿ ಹುಟ್ಟುವುದೇ ಇಲ್ಲ. ನನ್ನ ಅವ್ವನ ಹನ್ನೆರಡು ವರ್ಷ ಏನಾಗುತ್ತವೆ ಎಂದು ಹಿಂದಂಚೆಯವರನ್ನು ಕೇಳಿದೆ. ತಮಗೆ ತಿಳಿಯದು ಎಂದರು. ಈ ಕಾಗದ ಬರೆಯಲು ನನ್ನ ಕೈ ಬರಲಿಲ್ಲ, ಅಜ್ಜಿ. ಸರದಿ ಬಂದ ಮೇಲೂ ಎಂಟು ದಿನ ಖಾಲಿ ಹಾಳೆ ಇಟ್ಟುಕೊಂಡು ಕೂತೆ. ಒಂಬತ್ತನೆಯ ದಿನ ಅವ್ವನೇ ಕೇಳಿದಳು, ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ನೂಲಿನ ಉಂಡೆ ಕೆಳಗಿಟ್ಟು, "ಬರಿ, ಬರಿ. ಅದು ನಮ್ಮ ಮನಿ ಗುಬ್ಬಿ, ಕಳದೈತಿ. ಸಿಗ್ತೈತಿ ಅಂದ್ರ ಬ್ಯಾಡ ಅನ್ನಾಕ ನಾ ಯಾರು?" ಎಂದಳು. ನಾನು ಅರಗುಬ್ಬಿಯ ಮಾತೆತ್ತಿದೆ. "ಅದು ನನ್ನ ಕೂಸು, ಖರೆ. ಆದ್ರ ಆ ಮುದುಕಪ್ಪ ಕಣ್ಣಿಲ್ಲದ ಕುಂತು ಹನ್ನೊಂದು ತಿಂಗಳು ಹೇಳ್ಯಾನ. ಅವನ ಮಾತು ಗಾಳಿಗಿ ಹೋಗಬಾರದು. ನೀ ಅಳೂದು ಬಿಟ್ಟು ಪೆನ್ನು ಹಿಡಿ" ಎಂದು ಗದರಿದಳು. ಗದರಿದವಳು ಆ ಮಧ್ಯಾಹ್ನ ರೊಟ್ಟಿ ಮುಟ್ಟಲಿಲ್ಲ.

ಆದ್ದರಿಂದ ನಾನು ಗಟ್ಟಿ ಮನಸ್ಸು ಮಾಡಿ ಬರೆಯುತ್ತಿದ್ದೇನೆ, ನೀವೂ ಹಾಗೆಯೇ ಓದಬೇಕು. ರೇಡ್ ಒಂದನ್ನೇ ಇಟ್ಟುಕೊಳ್ಳಿ. ಆದರೆ ಎರಡು ಡಿಸ್ಕುಗಳನ್ನು ಬೇರೆ ಬೇರೆ ಕಂಪನಿಯವು ತನ್ನಿ, ಬೇರೆ ಬೇರೆ ಅಂಗಡಿಯಲ್ಲಿ ತನ್ನಿ. ಅಳತೆ ಮಾತ್ರ ಒಂದೇ ಇರಲಿ. ನಿಮ್ಮ ಕೈ ಒಂದೇ ಡಬ್ಬದ ಕಡೆಗೆ ತಾನಾಗಿ ಹೋಗುತ್ತದೆ, ತಡೆಯಿರಿ. ಇದು ನೂಲಲ್ಲ ಎಂದು ನಾಲ್ಕು ಸಲ ಹೇಳಿಕೊಳ್ಳಿ. ಇನ್ನೂ ಒಂದು ಮಾತು, ಇದು ಮೊದಲಿನದಕ್ಕಿಂತ ದೊಡ್ಡದು. ಜೋಡಿ ಡಿಸ್ಕು ಎಂದರೆ ಎರಡು ನಕಲು ಎಂದು ನೀವು ನಂಬಿದ್ದೀರಿ. ಅಲ್ಲ. ನೀವು ಕೈತಪ್ಪಿ ಒಂದು ವಿಡಿಯೊ ಅಳಿಸಿದರೆ ಅದು ಅದೇ ಗಳಿಗೆಗೆ ಎರಡರಲ್ಲೂ ಅಳಿಯುತ್ತದೆ. ಮನೆಗೆ ಸಿಡಿಲು ಬಡಿದರೆ ಎರಡೂ ಸುಡುತ್ತವೆ. ಅದಕ್ಕೆ ಮೂರನೆಯದೊಂದು ಡಿಸ್ಕು ತನ್ನಿ, ಕಂಪ್ಯೂಟರಿನ ಹೊರಗೆ ಇರುವಂಥದ್ದು. ಅದಕ್ಕೆ ಎಲ್ಲವನ್ನೂ ನಕಲು ಮಾಡಿ, ವೈರು ಕಿತ್ತು, ಕಮತಗಿಯ ನಿಮ್ಮ ಅಕ್ಕನ ಮನೆಯಲ್ಲಿ ಇಟ್ಟುಬನ್ನಿ. ತಿಂಗಳಿಗೊಮ್ಮೆ ತಂದು ಹೊಸದನ್ನು ಸೇರಿಸಿ, ತೆರೆದು ಕೇಳಿ, ಮತ್ತೆ ಕೊಟ್ಟುಬನ್ನಿ. ಅಕ್ಕನ ಜೊತೆ ಹೋದ ಪಂಚಮಿಯಿಂದ ಮಾತಿಲ್ಲ ಎಂಬುದು ಗೊತ್ತು, ನೋಟುಬುಕ್ಕಿನಲ್ಲಿ ಅವಳಿಗೆ ಏನೇನು ಬೈದು ಬರೆದಿದ್ದೀರೋ ಅದನ್ನೂ ಓದಿದ್ದೇನೆ. ಮಾತಾಡಬೇಕೆಂದಿಲ್ಲ. ಮುಖ ಆಚೆ ತಿರುಗಿಸಿಕೊಂಡೇ ಕೊಡಿ.

ಇವತ್ತು ಸಂಜೆ ಬಿಸಿಲು ಇಳಿದಮೇಲೆ ಅಪ್ಪನ ಹತ್ತಿರ ಹೋಗಿ ಕೂಡ್ರಿ. ಇನ್ನೊಮ್ಮೆ ಪೂರ್ತಿ ಹೇಳಿಸಿಕೊಳ್ಳಿ. ಮುನ್ನೂರ ಹನ್ನೆರಡೂ ಸಾಲು, ನಡುವೆ ತಡೆಯದೆ. ಆಮೇಲೆ ಮಾಡಿದರಾಯಿತು ಎನ್ನಬೇಡಿ. ಫೋನು ಬಂದರೆ ಎತ್ತಬೇಡಿ, ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಹೋಗಿ. ಈ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಬರೆದರೆ ಸೋಸುವವರ ಕೈಯಲ್ಲಿ ಕಾಗದ ಹರಿದುಹೋಗುತ್ತದೆ. ನಿಮ್ಮ ಅಪ್ಪನ ಧ್ವನಿ ಹೇಗಿತ್ತು ಎಂದು ತಿಳಿಯಲು ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಕೊನೆಯದಾಗಿ ಒಂದು ಬೇಡಿಕೆ. ನಿನ್ನೆ ಬೆಳಿಗ್ಗೆ ನಾನು ಹಾಳೆ ಮಡಿಸುತ್ತಿದ್ದಾಗ ಅವ್ವ ಬಾಗಿಲಲ್ಲಿ ಬಂದು ನಿಂತಳು. ಜೀವಮಾನದಲ್ಲಿ ಯಾರನ್ನೂ ಏನನ್ನೂ ಬೇಡಿದವಳಲ್ಲ. ಗೋಡೆ ನೋಡುತ್ತ, "ಹಿಂದಿನ ಮಗ್ಗಲಾ ಖಾಲಿ ಐತೇನ?" ಎಂದಳು. ಐತಿ ಎಂದೆ. "ಹಂಗಾರ ನಂದೂ ಕಳಸಾಕ ಬರ್ತೈತೇನ ನೋಡು" ಎಂದಳು. ಸೋಸುವವರ ನಿಯಮವನ್ನು ಮೂರು ಸಲ ಓದಿದೆ. ಬಟ್ಟೆಯ ಅಳತೆ ಮನೆಯ ಸಾಮಾನಿನ ವಿಷಯವೇ, ತಡೆಯಿಲ್ಲ. ಅವ್ವ ಮಗ್ಗದ ಮುಂದೆ ಕೂತು ಕಣ್ಣು ಮುಚ್ಚಿ ಹೇಳುತ್ತ ಹೋದಳು. ನಾನು ತಡೆಯಲಿಲ್ಲ. ಅವಳು ಹೇಳಿದಂತೆ ಬರೆಯುತ್ತ ಹೋದೆ, ಊಟದ ಹೊತ್ತು ಮೀರಿತು.

ಅಜ್ಜಿ, ನಾಳೆ ಬೆಳಿಗ್ಗೆ ಈ ಕಾಗದ ಅಂಚೆಗೆ ಹೋಗುತ್ತದೆ. ಆಮೇಲೆ ನಮ್ಮ ಮನೆಯ ಗೂಟದ ಮೇಲೆ ನೇತುಹಾಕಿರುವ ಖಣ ಯಾವುದಿರುತ್ತದೋ ನನಗೆ ಗೊತ್ತಿಲ್ಲ. ನನ್ನ ಅವ್ವನಿಗೆ ತಾನೊಂದು ಗುಬ್ಬಿಯನ್ನು ಹಾರಿಸಿದ್ದು ನೆನಪಿರುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ನಮ್ಮ ಕಟ್ಟಳೆಯಂತೆ ಒಂದು ಮನೆಯ ನೆನಪು ಬೇರೆ ಮನೆಯಲ್ಲಿ ಇರಬೇಕು. ನಮಗೆ ಅಷ್ಟು ದೂರದ ಮನೆ ನಿಮ್ಮದೊಂದೇ. ಆ ಮೂರನೆಯ ಡಿಸ್ಕಿನಲ್ಲಿ ನಿಮ್ಮ ಅಪ್ಪನ ಗುಬ್ಬಿಹೆಜ್ಜೆಯ ಪಕ್ಕದಲ್ಲಿ ನನ್ನ ಅವ್ವನ ಅರಗುಬ್ಬಿಗೂ ಜಾಗ ಕೊಡಿ. ಮಗಳಿಗೆ ಹೇಳಿ, ಅವಳು ತನ್ನ ಮಗಳಿಗೆ ಹೇಳಲಿ. ಸುಮಾರು ಎಂಬತ್ತು ವರ್ಷವಾದಮೇಲೆ ತುಳಸವ್ವ ಎಂಬ ಹಟಮಾರಿ ಹುಡುಗಿಯೊಬ್ಬಳು ಈ ಮನೆಯಲ್ಲಿ ಮಗ್ಗಕ್ಕೆ ಕೂಡುತ್ತಾಳೆ. ಆಗ ಮನೆಯಲ್ಲಿದ್ದವರು ಮೊದಲು ಅಜ್ಜನದನ್ನು ಕಲಿಸಿ, ಆಮೇಲೆ ಇದನ್ನು ಅವಳ ಕೈಗೆ ಕೊಟ್ಟು, ಇದು ನಿಂದವ್ವಾ ಎಂದು ಹೇಳಲಿ.

ಹಾಳೆ ತಿರುಗಿಸಿ. ನಿಮ್ಮ ಕೈ ನಿಂತ ಕಡೆಯಿಂದ, ನೂರ ಹತ್ತೊಂಬತ್ತನೆಯ ಸಾಲಿನಿಂದ ಶುರುವಾಗುತ್ತದೆ: ಎರಡು ಎತ್ತು, ಒಂದು ಬಿಡು, ಎರಡು ಎತ್ತು, ಉಳಿದದ್ದೆಲ್ಲ ಬಿಡು.

ನಿಮ್ಮ ಮನೆಯವಳು,
ಹೊಳೆಬಸವ್ವ ತುಳಸವ್ವ